ಹೊಸ್ತಿಲ ಮೊಳೆ

"ಹೊಸ್ತಿಲದಾಗ ಮೊಳಿ ಐತಲ್ಲ ತಮ್ಮಾ, ಅದನ್ನ ಮಾತ್ರ ಕೀಳಬ್ಯಾಡಪಾ," ಎಂದಳು ಪಕ್ಕದ ಮನೆಯ ಮುದುಕಿ ಹಸನಬೀ. ತನ್ನ ಅಂಗಳ ಬಿಟ್ಟು ಮುಂದೆ ಬರಲಿಲ್ಲ. "ಈ ಮನಿ ಸೊಸಿ ಹೊರಗ ಹೋಗಬಾರದಂತ ಅತ್ತಿ ಮಾಟ ಮಾಡಿಸಿದ್ಳು. ಹುಡುಗಿ ಒಳಗ ಸತ್ತಳು. ನಾ ದಾಟಲಾರದ ಹೊಸ್ತಿಲಾ ಯಾರೂ ದಾಟಬಾರದಂತ ಶಾಪ ಹಾಕ್ಯಾಳ. ಆಮ್ಯಾಲ ಮಂತ್ರವಾದಿ ಕರೆಸಿ, ಆ ಮೊಳಿ ಹೊಡೆಸಿ ಆಕಿನ್ನ ಕಟ್ಟ್ಯಾರ."

ತಿರುಮಲೇಶ ಹೊಟ್ಟೆ ಹಿಡಿದುಕೊಂಡು ನಕ್ಕ. "ಆನ್‌ಲೈನ್‌ನ್ಯಾಗ ರಾಶಿ ಫೋಟೋ ನೋಡಿ ತಗೊಂಡೀನ್ರಿ ಅಮ್ಮಾ. ಒಂದರಾಗೂ ನೀವ್ ಹೇಳೋ ಸೊಸಿ ಕಾಣಲಿಲ್ಲ!"

ಕುಷ್ಟಗಿಯಿಂದ ಗಂಗಾವತಿಗೆ ವರ್ಗವಾಗಿ ಬಂದ ಈ ಗುಮಾಸ್ತನ ನಾಲಿಗೆ ತುಸು ಉದ್ದ. ಮೊಬೈಲಿನಲ್ಲೇ ಮನೆ ನೋಡಿ, ಮೊಬೈಲಿನಲ್ಲೇ ಮಾತು ಮುಗಿಸಿದ ಜಾಣ. ಓಣಿಗೆ ಬಂದು ಒಬ್ಬರನ್ನಾದರೂ ವಿಚಾರಿಸಿದ್ದರೆ ಏನು ಗಂಟು ಹೋಗುತ್ತಿತ್ತು ಹೇಳಿ! ಆದರೆ ಹೆಂಡತಿಯೆಂದರೆ ಅವನಿಗೆ ಜೀವ. ಏಳು ತಿಂಗಳ ಬಸುರಿ ಕವಿತಾ ಸಂಜೆಗೆ ತವರಿನಿಂದ ಬರುವವಳಿದ್ದಳು. ನಾಳೆ ಹೊಸ ಮನೆಯಲ್ಲಿ ಹಾಲುಕ್ಕಿಸಬೇಕು. ಎದ್ದು ನಿಂತ ಆ ತುಕ್ಕುಮೊಳೆಗೆ ಅವಳ ಸೀರೆ ಸಿಕ್ಕಿ ಎಡವಿದರೆ ಗತಿಯೇನು? ಹಸನಬೀ ಮರೆಯಾದದ್ದೇ ತಡ, ಒಳಗೆ ಕೂತು ಇಕ್ಕಳ ಹಾಕಿ ಜಗ್ಗಿದ.

ಮೊಳೆ ಚೀರಿತು. ಅದರ ತುದಿಗೆ ಉದ್ದನೆಯ ಕೂದಲು ಸುತ್ತಿಕೊಂಡಿತ್ತು.

ಓಣಿ ತುಂಬ ಇದ್ದ ರೈಸ್‌ಮಿಲ್ಲಿನ ಕುದಿಸಿದ ಭತ್ತದ ವಾಸನೆ ಒಮ್ಮೆಲೇ ಸತ್ತಿತು. ಅಡುಗೆಮನೆಯಿಂದ ಕಮಟು ಎಣ್ಣೆ, ಸುಟ್ಟ ಮೆಣಸಿನಕಾಯಿ, ಹಸಿ ರಕ್ತದ ನಾತ ಬಂತು. ಹೊರಗೆ ಇನ್ನೂ ಬಿಸಿಲಿತ್ತು. ಒಳಗೆ ಕತ್ತಲೆ ನೆಲದ ಮೇಲೆ ಹರಿದು ಬಂದು ಪಾದ ಮುಟ್ಟಿತು. ತಿರುಮಲೇಶ ಹೊರಗೆ ಹಾರಿದ. ಬಿದ್ದದ್ದು ಪಡಸಾಲೆಯಲ್ಲೇ. ಮತ್ತೆ ಹಾರಿದ. ಮತ್ತೆ ಪಡಸಾಲೆ! ಬಾಗಿಲು ಪೂರಾ ತೆರೆದೇ ಇತ್ತು. ಮೊಳೆಯನ್ನು ಮರಳಿ ಹೊಡೆಯಲು ಹುಡುಕಾಡಿದ. ಹೊಸ್ತಿಲಲ್ಲಿ ತೂತೇ ಇರಲಿಲ್ಲ.

"ಅಮ್ಮಾ! ಹಸನಬೀ ಅಮ್ಮಾ!"

ಪಕ್ಕದ ಮನೆಯ ಕಿಟಕಿಯಲ್ಲಿ ಮುದುಕಿಯ ಮುಖ ಬಿಳಿಚಿತು. "ಕಿತ್ತಿ? ಯಾ ಅಲ್ಲಾ! ಇನ್ನ ನಿನ್ನ ಬಿಡಂಗಿಲ್ಲ. ಒಳಗ ಕಾಲಿಟ್ಟ ಯಾರನ್ನೂ ಬಿಡಂಗಿಲ್ಲ." ಕಿಟಕಿ ಮುಚ್ಚಿತು.

ಕವಿತಾ! ಮೊಬೈಲು ತೆಗೆದು ಅವಳ ನಂಬರು ಒತ್ತಿದ. ಏನು ಒತ್ತಿದರೂ ಮನೆಯ ಅದೇ ಫೋಟೋಗಳು. ಅಡುಗೆಮನೆಯ ಫೋಟೋದಲ್ಲಿ ಈಗ ಒಬ್ಬಳು ಬೆನ್ನು ಹಾಕಿ ನಿಂತಿದ್ದಳು. ಮುಂದಿನದರಲ್ಲಿ ಅರ್ಧ ತಿರುಗಿದ್ದಳು. ಮೊಬೈಲು ಎಸೆದ.

ಅಷ್ಟರಲ್ಲಿ ಆಟೋ ಬಂತು. ಕವಿತಾ ಇಳಿದಳು. ಬಂದಳು. ನಗುತ್ತ ಕೈ ಚಾಚಿದಳು. "ಕೈ ಹಿಡೀರೀ, ಮೆಟ್ಟಲಾ ಎತ್ತರ ಅದಾವ."

ಖರೆ ಹೇಳಿದರೆ ಈ ಹುಚ್ಚಿ ಕವಿತಾ ತನ್ನನ್ನು ಹೊರಗೆಳೆಯಲು ಒಳಗೇ ನುಗ್ಗುವವಳು. ಅವನು ಬಾಗಿಲಿಗೆ ಅಡ್ಡ ನಿಂತ.

"ಬರಬ್ಯಾಡ. ಒಳಗ... ಬ್ಯಾರೆ ಹೆಂಗಸು ಅದಾಳ. ನೀ ತವರಿಗೇ ಹೋಗು."

"ಚಾಷ್ಟಿ ಸಾಕ್ರಿ," ಎಂದು ಬಲಗಾಲು ಎತ್ತಿದಳು.

ಅಡುಗೆಮನೆಯಿಂದ, ಮದುವೆಯಾಗಿ ವರ್ಷಗಳಾದವಳ ಸಲಿಗೆಯ ದನಿ ಬಂತು. "ಯಾರ್ ಬಂದಾರ್ರೀ?"

ಎತ್ತಿದ ಕಾಲು ಹಿಂದಕ್ಕೆ ಹೋಯಿತು. ಕವಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ನಿನ್ನಪ್ಪ ಸತ್ತಾನಂತ ಕೂಸಿಗೆ ಹೇಳ್ತೀನಿ," ಎಂದಳು. ಹಿಂದೆ ನೋಡಲಿಲ್ಲ.

ಆಟೋ ತಿರುವಿನಲ್ಲಿ ಮರೆಯಾಯಿತು. ಕವಿತಾ ಬದುಕಿ ಉಳಿದಳು. ಕೂಸೂ ಉಳಿಯಿತು. ತಿರುಮಲೇಶ ಗೋಡೆಗೆ ಒರಗಿ ಕೂಸಿನಂತೆಯೇ ಅತ್ತ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಯಾರೋ ಪಕ್ಕದಲ್ಲಿ ಕೂತರು. ತಣ್ಣನೆಯ ಸೆರಗೊಂದು ಅವನ ಕಣ್ಣೀರು ಒರೆಸತೊಡಗಿತು.