ಬಿಳಿ ಶರ್ಟಿನ ಶಶಿಧರ್ ಗೌಡ್ರು

“ಶಶಿಧರ್ ಗೌಡ್ರ ಮನೆ ಇದೇನಾ?”

ಅಮ್ಮನ ದನಿ ಗಡುಸಾಗಿತ್ತು. ಮಂಡ್ಯದಿಂದ ಮದ್ದೂರು, ಅಲ್ಲಿಂದ ವೈದ್ಯನಾಥಪುರ. ದಾರಿಯುದ್ದಕ್ಕೂ ಅವಳು ಬೈಗುಳ ಜೋಡಿಸಿಕೊಂಡೇ ಬಂದಿದ್ದಳು. ದೀಪಿಕ ಬ್ಯಾಗು ಹಿಡಿದು ಹಿಂದೆ ನಿಂತಳು.

ಜಗಲಿ ಮೇಲೆ ಕೂತು ಶೂಗೆ ಪಾಲಿಶ್ ಹಚ್ಚುತ್ತಿದ್ದ ಹುಡುಗ ತಲೆ ಎತ್ತಿದ. ಸ್ಕೂಲಿನಿಂದ ಆಗಷ್ಟೇ ಬಂದಿದ್ದ. ಕೊರಳಲ್ಲಿ ಇನ್ನೂ ಕೆಂಪು ಟೈ ಇತ್ತು.

“ನಾನೇ,” ಅಂದ.

“ನೀನಲ್ಲ ಕಣಪ್ಪ. ಗೌಡ್ರನ್ನ ಕರಿ. ಫ್ಲೆಕ್ಸ್ ಡಿಸೈನ್ ಮಾಡುಸ್ಕೊಂಡು ಈಗ ಫೋನೇ ಎತ್ತುತ್ತಿಲ್ವಲ್ಲ, ಅವರನ್ನ.”

“ನಾನೇ ಅಕ್ಕ.”

ಅದೇ ಒಡಕು ದನಿ. ಫೋನಿನಲ್ಲಿ ಅದು ದೊಡ್ಡವರ ದನಿಯಂತೆಯೇ ಕೇಳಿಸಿತ್ತು.

“ಯಾವ ಕ್ಲಾಸ್ಲಾ ನೀನು?”

“ಏಯ್ತ್.”

ಅಮ್ಮ ಹಣೆ ಚಚ್ಚಿಕೊಂಡಳು. “ನೋಡೇ ದೀಪಿ, ಎಂಟನೇ ಕ್ಲಾಸಿನವನ್ನ ನಂಬ್ಕೊಂಡು ರಾತ್ರಿಯೆಲ್ಲ ಕೆಲ್ಸ ಮಾಡಿದ್ದೀನಿ!”

ಆ ಕೆಂಪು ಟೈಯನ್ನು ದೀಪಿಕ ಮೊದಲೇ, ಅವನು ಕಳಿಸಿದ್ದ ಫೋಟೋದಲ್ಲಿ ನೋಡಿದ್ದಳು. ಫ್ಲೆಕ್ಸಿಗೆ ಫೋಟೋ ಕಟ್ ಮಾಡುವುದು ಅವಳ ಕೆಲಸ. ಅಮ್ಮನ ಫೋನಿನಲ್ಲಿ ಬೆರಳಿಂದ ಒರೆಸಿ ಟೈ ತೆಗೆದಿದ್ದಳು. ಬಿಳಿ ಶರ್ಟು, ಹೆಗಲ ಮೇಲೆ ಟವೆಲ್ಲು ಇರುವ, ಮೊದಲೇ ಮಾಡಿಟ್ಟ ರೆಡಿ ಮೈಯ ಚಿತ್ರಕ್ಕೆ ಅವನ ಮುಖ ಕೂರಿಸಿದ್ದಳು. ಯಾವ ಗೌಡ್ರಾದರೂ ಅದೇ ಮೈ. ಅಮ್ಮ ನೋಡಿದ್ದು ಆಮೇಲೆ, ಬಿಳಿ ಶರ್ಟಿನವರನ್ನೇ.

“ಸೈಕಲ್ ಮಾರ್ದೆ ಅಕ್ಕ,” ಅಂದ ಶಶಿಧರ. “ಅದು ಪ್ರಿಂಟಿಂಗ್‌ಗೇ ಸರಿಓಯ್ತು. ಅಪ್ಪ ಓಗಿ ಒಂದ್ ವರ್ಸ ಆಯ್ತು. ಊರಲ್ಲಿ ಎಲ್ರಿಗೂ ಫ್ಲೆಕ್ಸ್ ಆಕ್ತಾರೆ. ನಮ್ಮಪ್ಪಂಗೆ ಮಾತ್ರ ಯಾರೂ ಆಕ್ಸಲಿಲ್ಲ.”

“ಅದಕ್ಕೆ ನನ್ ದುಡ್ಡು ಮುಳುಗಿಸ್ತೀಯಾ? ನನ್ ಲ್ಯಾಪ್‌ಟಾಪ್ ಚಾರ್ಜರ್ ಸುಟ್ಟೋಗದೆ. ಕೆಲ್ಸನೇ ನಿಂತೋಗದೆ. ಕರಿ ನಿಮ್ಮವ್ವನ್ನ.”

“ಅವ್ವಂಗೆ ಏಳ್ಬೇಡಿ ಅಕ್ಕ.” ಅವನು ಬ್ರಶ್ ಕೆಳಗಿಟ್ಟ. “ಅಪ್ಪನ ಫ್ರೆಂಡ್ಸ್ ಆಕ್ಸವ್ರೆ ಅಂತ ಏಳಿವ್ನಿ.”

“ಯಾರ್ಲಾ ಬಂದಿರೋದು?” ಒಳಗಿಂದ ಅವನ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

ಅಮ್ಮ ಬಾಯಿ ತೆರೆದಳು. ದೀಪಿಕ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಮ್ಮ ಹೇಳಿಬಿಟ್ಟರೆ ಇವತ್ತೇ ಚಾರ್ಜರ್ ಬರಬಹುದು.

“ಫ್ಲೆಕ್ಸ್ ಮಾಡ್ದೋಳು ನಾನು,” ಅಂದಳು ಅಮ್ಮ. “ಹೆಂಗೆ ಬಂದದೆ ಅಂತ ನೋಡೋಕೆ ಬಂದೆ.”

ಅವರ ಮುಖ ಅರಳಿತು. “ಅವ್ರೇ ಬಂದು ನಿಂತಂಗದೆ ಕಣವ್ವ. ಸ್ನೇಯಿತ್ರು ಆಕ್ಸವ್ರೆ. ನಮ್ಮೆಜಮಾನ್ರನ್ನ ಯಾರೂ ಮರ್ತಿಲ್ಲ ನೋಡು. ಕುಂತ್ಕಳಿ, ಮಜ್ಗೆ ತತ್ತೀನಿ.”

ಅಮ್ಮ ತಲೆ ತಗ್ಗಿಸಿ ಮಜ್ಜಿಗೆ ಕುಡಿದಳು. ಬೀದಿಗೆ ಬಂದ ಮೇಲೆ, ಹಿಂದೆಯೇ ಬಂದಿದ್ದ ಶಶಿಧರನ ಕಡೆ ತಿರುಗಿದಳು.

“ಬುಟ್ಬುಟ್ಟೆ ಅನ್ಕೋಬೇಡ ಕಣ್ಲಾ. ತಿಂಗ್ಳು ತಿಂಗ್ಳು ಆದಷ್ಟು ಕೊಡ್ಬೇಕು. ಫೋನ್ ಮಾಡುದ್ರೆ ಎತ್ಬೇಕು.”

“ಎತ್ತೀನಿ ಅಕ್ಕ.”

ಇಬ್ಬರೂ ಬಸ್‌ಸ್ಟಾಪಿಗೆ ನಡೆದರು.

“ಕೊಡ್ತಾನಾ ಅಮ್ಮ?”

“ಏನ್ ಗೊತ್ತು.”

“ಚಾರ್ಜರ್?”

ಅಮ್ಮ ರಸ್ತೆಯ ಕಡೆಗೇ ನೋಡುತ್ತಿದ್ದಳು.

ಫ್ಲೆಕ್ಸ್ ಅಲ್ಲೇ ಎರಡು ಕಂಬಗಳ ನಡುವೆ ಇತ್ತು. ಮೇಲೆ ಶಶಿಧರನ ಅಪ್ಪ ಚೌಡಯ್ಯನವರ ನಗುಮುಖ. ಕೆಳಗೆ ‘ದುಃಖತಪ್ತ ಮಗ’ ಶಶಿಧರ್ ಗೌಡ. ಅಗಲವಾದ ಭುಜ, ಬಿಳಿ ಶರ್ಟು, ಟವೆಲ್ಲು.

ದೀಪಿಕ ಹತ್ತಿರ ಹೋದಳು. ಕಾಲರಿನ ಅಂಚಿನಲ್ಲಿ ಒಂದು ಚೂರು ಕೆಂಪು ಉಳಿದಿತ್ತು. ಅವಳ ಬೆರಳು ಒರೆಸದೆ ಬಿಟ್ಟಿದ್ದು. ಅದರ ಮೇಲೆ ಆ ಪುಟ್ಟ ಮುಖ. ಆ ಶರ್ಟು ಅವನಿಗೆ ತುಂಬ ದೊಡ್ಡದಾಗಿತ್ತು.

“ಬಾರೇ, ಬಸ್ಸು ಬಂತು!”

ಫ್ಲೆಕ್ಸಿನ ಒಂದು ಮೂಲೆ ಬಿಚ್ಚಿಕೊಂಡು ಗಾಳಿಗೆ ಬಡಿದಾಡುತ್ತಿತ್ತು. ದೀಪಿಕ ಹಗ್ಗವನ್ನು ಎಳೆದು ಕಂಬಕ್ಕೆ ಬಿಗಿಯಾಗಿ ಕಟ್ಟಿ, ಆಮೇಲೆ ಓಡಿದಳು.