ಬುರುಜಿನ ಬಿಳಿ ಪಟ್ಟೆ

ಬುಧವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ 11.20ಕ್ಕೆ ಲಾಂಚಿನ ಮಾಲೀಕ ಠಾಣೆಗೆ ಬಂದಾಗ ಅವನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಲಾಂಚು ಬಂಡೆಗೆ ಹೊಡೆಸಿದಾರೆ ಸಾರ್. ಬೇಕಂತಲೇ."

"ಯಾರು?"

"ಇಡೀ ನಡುಗಡ್ಡೆ. ಒಬ್ಬರ ಹೆಸರೇ ಬೇಕಂದ್ರೆ ಗಡ್ಡದಣ್ಣ ಅಂತ ಬರ್ಕೊಳ್ಳಿ. ದೋಣಿಯವರ ಮುಖಂಡ. ‘ನಿನ್ನ ಡಬ್ಬಾನ ಒಂದಿನ ಮುಳುಗಿಸ್ತೀನಿ’ ಅಂತ ಕಟ್ಟೆ ಮೇಲೆ ನಿಂತು ಕೂಗಿದ್ದ. ನಲವತ್ತು ಜನ ಕೇಳಿದಾರೆ."

ದೂರಿನ ಸಾರಾಂಶ ಇಷ್ಟು. ಲಾಂಚು ಪ್ರವಾಸಿಗರನ್ನು ನಡುಗಡ್ಡೆಗೆ ಒಯ್ಯುತ್ತದೆ. ಅಲ್ಲಿ ನೋಡುವಂಥವು ಮೂರು: ಹಾಳು ಕೋಟೆಯ ಕಾವಲು ಬುರುಜು, ಅಲೆಗಳು ಕೊರೆದ ಕಲ್ಲು ಕಮಾನು, ನೀರಿನ ನಡುವೆ ತಲೆ ಸೀಳಿಕೊಂಡು ನಿಂತ ಒಂಟಿಗಲ್ಲು. ಸುತ್ತ ನೀರಿನಡಿ ಬಂಡೆಗಳು. ಒಳಗೆ ಬರಲು ಇರುವುದು ಒಂದೇ ಓಣಿ. ಒಂಟಿಗಲ್ಲಿನ ಸೀಳು ಮತ್ತು ಅದರ ಹಿಂದೆ ಬುರುಜಿನ ಮೇಲೆ ಬಳಿದ ಬಿಳಿ ಪಟ್ಟೆ ಒಂದೇ ಗೆರೆಗೆ ಬಂದಾಗ ನೇರ ನುಗ್ಗಬೇಕು. ಆ ದಿನ 8.40ಕ್ಕೆ ಹಾಗೆ ನುಗ್ಗಿದ ಲಾಂಚು ಬಂಡೆಗೆ ಬಡಿಯಿತು. ಹನ್ನೊಂದು ಪ್ರವಾಸಿಗರು ನೆನೆದು ನಡುಗಿ ಪಾರಾದರು. ಚಾಲಕನ ಬಲಗಾಲು ಎರಡು ಕಡೆ ಮುರಿಯಿತು. ಪಟ್ಟೆ ತನ್ನ ಜಾಗದಲ್ಲಿ ಇರಲಿಲ್ಲ.

12.05ಕ್ಕೆ ಎಫ್‌ಐಆರ್ ದಾಖಲಾಯಿತು. ಒಂದು ಗಂಟೆಗೆ ಇನ್ಸ್‌ಪೆಕ್ಟರ್, ಒಬ್ಬ ಮಹಿಳಾ ಪೇದೆ, ಒಬ್ಬ ಉದ್ದನೆಯ ಪೇದೆ ಇಲಾಖೆಯ ದೋಣಿ ಹತ್ತಿದರು. ಪಟ್ಟೆ ನಂಬದೆ, ಕೋಲಿನಿಂದ ಆಳ ನೋಡುತ್ತ ಓಣಿ ದಾಟಿದರು.

ನಡುಗಡ್ಡೆಯ ಕಟ್ಟೆಯ ಮೇಲೆ ಮೂವತ್ತು ಜನ ನಿಂತಿದ್ದರು. ಪೇದೆ ಎಸೆದ ಹಗ್ಗ ಅವರ ಕಾಲ ಬಳಿಯೇ ಬಿತ್ತು. ಹಿಡಿಯಲು ಯಾರೂ ಬಗ್ಗಲಿಲ್ಲ. ಹಗ್ಗ ಜಾರಿ ಮತ್ತೆ ನೀರಿಗೆ ಬಿತ್ತು.

"ನೋಡ್ಕೊಂಡು ಇಳೀರಿ. ಖಾಕಿಗೆ ಉಪ್ಪುನೀರು ಆಗಿ ಬರಲ್ಲ," ಎಂದಿತು ಒಂದು ದನಿ. ಮೂವತ್ತೂ ಜನ ನಕ್ಕರು.

ಪಂಚನಾಮೆಗೆ ಪಂಚರು ಸಿಗಲಿಲ್ಲ. ಕೊನೆಗೆ ಸರ್ಕಾರದ ಸಂಬಳ ತಿನ್ನುವ ಇಬ್ಬರನ್ನು, ಶಾಲೆಯ ಮೇಷ್ಟ್ರನ್ನೂ ಅಂಚೆಯವರನ್ನೂ, ಹಿಡಿದು ತರಬೇಕಾಯಿತು. 2.30ಕ್ಕೆ ಬುರುಜಿನ ಬಳಿ ಅಳತೆ ಶುರುವಾಯಿತು. ಹೊಸ ಪಟ್ಟೆ ಹಳೆಯ ಜಾಗದಿಂದ ಹದಿನಾಲ್ಕು ಅಡಿ ಎಡಕ್ಕಿತ್ತು. ಹಳೆಯದರ ಮೇಲೆ ಗೋಡೆಯ ಬಣ್ಣಕ್ಕೇ ಹೊಂದುವ ಬೂದು ಮಣ್ಣು ಬಳಿದಿದ್ದರು.

ಮಹಿಳಾ ಪೇದೆ ಹೊಸ ಪಟ್ಟೆಯನ್ನು ಅಂಗೈಯಿಂದ ಉಜ್ಜಿ ಕೈ ನೋಡಿಕೊಂಡಳು.

"ನಮ್ಮಪ್ಪ ಮನೆಗಳಿಗೆ ಸುಣ್ಣ ಹೊಡೀತಿದ್ರು ಸಾರ್. ಇದು ಕೈಗೆ ಹತ್ತುತ್ತಿಲ್ಲ, ಅಂಟು ಹಾಕಿದಾರೆ. ಒಂದು ಸಲ ಬಳಿದು, ಒಣಗಿಸಿ, ಅದರ ಮೇಲೆ ಇನ್ನೊಂದು ಸಲ ಬಳಿದಿದಾರೆ. ಒಂದಿನದ ಮೋಸಕ್ಕೆ ಇಷ್ಟು ಯಾರು ಮೈ ಬಗ್ಗಿಸ್ತಾರೆ?"

"ಅಂದ್ರೆ?"

"ಅಂದ್ರೆ ಅರೆಬರೆ ಮಾಡೋಕೆ ಬರದೇ ಇರೋರು."

ಪಟ್ಟೆಯ ಕೆಳಗಿನ ಮೂಲೆಯಲ್ಲಿ ಮೇಲಿನ ಪದರವನ್ನು ಆಕೆ ಉಗುರಿನಿಂದ ಎಬ್ಬಿಸಿದಳು. ಅಡಿಯ ಪದರದಲ್ಲಿ ಒಂದು ಹೆಬ್ಬೆರಳು ಒತ್ತಿದ ಕುಳಿ. ಅದರ ನಡುವೆ ಓರೆಯಾಗಿ ಹಳೇ ಗಾಯದ ಗೀರು. ಮೊದಲ ಪದರ ಒಣಗಿದೆಯೇ ಎಂದು ಕೆಲಸದವರು ಮೂಲೆಯಲ್ಲಿ ಬೆರಳೊತ್ತಿ ನೋಡುವುದುಂಟು. ಹಳೆಯ ಪಟ್ಟೆಯ ಮೇಲಿನ ಮಣ್ಣು ಕೆರೆದು ನೋಡಿದರೆ ಅಲ್ಲೂ ಅದೇ ಮೂಲೆ, ಪದರದಿಂದ ಪದರಕ್ಕೆ ಅದೇ ಗೀರಿನ ಹೆಬ್ಬೆರಳು. ಇನ್ನೂ ಆಳದ ಪದರಗಳಲ್ಲಿ ಮಾತ್ರ ಬೇರೊಂದು, ಅಗಲವಾದ, ಗಂಡಸಿನ ಹೆಬ್ಬೆರಳು.

"ವರ್ಷಾ ವರ್ಷ ಇದನ್ನ ಬಳಿಯೋದು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

ಮೇಷ್ಟ್ರು ತಮ್ಮ ಚಪ್ಪಲಿ ನೋಡಿಕೊಂಡರು. "ಊರು ಬಳಿಯುತ್ತೆ."

"ಊರಿಗೆ ಹೆಬ್ಬೆಟ್ಟು ಇರುತ್ತಾ ಮೇಷ್ಟ್ರೇ?"



ಗಡ್ಡದಣ್ಣನನ್ನು ಕರೆಸುವ ಅಗತ್ಯ ಬೀಳಲಿಲ್ಲ. ಎರಡೂ ಕೈ ಮುಂದೆ ಚಾಚಿಕೊಂಡು ಅವನೇ ಬಂದ.

"ಹಾಕಿ ಕೋಳ. ನಾನೇ ಮಾಡಿದ್ದು."

"ಯಾವಾಗ?"

"ಮಂಗಳವಾರ. ಲಾಂಚಿಗೆ ರಜೆ ಇತ್ತಲ್ಲ, ಅವತ್ತು."

"ಸುಣ್ಣಕ್ಕೆ ಏನು ಬೆರೆಸಿದೆ?"

"ನೀರು."

"ಬರೀ ನೀರಾ?"

"ಇನ್ನೇನು, ತುಪ್ಪ ಬೆರೆಸ್ತಾರಾ?"

ಮಹಿಳಾ ಪೇದೆ ನೋಟ್‌ಬುಕ್ ಮುಚ್ಚಿದಳು. ಅವನ ಹೆಬ್ಬೆರಳುಗಳ ಮೇಲೆ ಗೀರಿರಲಿಲ್ಲ. ಇನ್ಸ್‌ಪೆಕ್ಟರ್ ಅವನನ್ನು ಬಿಟ್ಟು ಹೊರಟಾಗ ಜನರ ಮುಖ ಇನ್ನಷ್ಟು ಬಿಗಿದುಕೊಂಡಿತು. ತೆತ್ತ ತಲೆಯನ್ನು ಪೊಲೀಸರು ಒಪ್ಪಲಿಲ್ಲವೆಂದರೆ ಬೇರೆ ತಲೆ ಹುಡುಕುತ್ತಾರೆಂದು ಅವರಿಗೆ ಗೊತ್ತಿತ್ತು.

ಸಂಜೆ 5.30, ಆಸ್ಪತ್ರೆ. ಚಾಲಕನ ಕಾಲನ್ನು ತೂಕ ಕಟ್ಟಿ ಎತ್ತಿದ್ದರು.

"ಪಟ್ಟೆ ನೋಡಿದ್ಯಾ?"

"ಇಲ್ಲ ಸಾರ್. ತಪ್ಪು ನಂದೇ."

"ಪಟ್ಟೆ ನೋಡದೆ ಆ ಓಣಿಗೆ ನುಗ್ಗಿದ್ಯಾ? ಆ ಗುರುತು ನಿಂಗೆ ಕಲಿಸಿದ್ದು ಯಾರು?"

"ದೊಡ್ಡಮ್ಮ..." ಎಂದವನು ಗೋಡೆಯ ಕಡೆ ಮುಖ ತಿರುಗಿಸಿದ. "ತಪ್ಪು ನಂದೇ ಅಂದೆನಲ್ಲ. ಬರ್ಕೊಂಡು ಹೋಗಿ."

ಗುರುವಾರ ಬೆಳಿಗ್ಗೆ 9.15ಕ್ಕೆ ಮಹಿಳಾ ಪೇದೆ ಬಾಕಿ ಅರ್ಜಿಗಳ ಕಡತ ತಂದು ಮೇಜಿನ ಮೇಲಿಟ್ಟಳು. ಟಪಾಲು ಪುಸ್ತಕದಲ್ಲಿ ಅವನ್ನು ನಮೂದಿಸಿದ್ದು ಅವಳೇ. ಆರು ತಿಂಗಳಲ್ಲಿ ನಡುಗಡ್ಡೆಯಿಂದ ಬಂದ ಮೂರು ಅರ್ಜಿ, ಮೂರೂ ಒಂದೇ ಕೈಬರಹ. ಲಾಂಚು ಕಟ್ಟಲು ಒಂಟಿಗಲ್ಲಿನ ಬಿರುಕಿಗೆ ಕಬ್ಬಿಣದ ಉಂಗುರ ಹೊಡೆದಿದ್ದಾರೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತಿದೆ. ಮೊದಲು ಸೂಜಿ ಹೋಗದಿದ್ದಲ್ಲಿ ಈಗ ಬೆರಳು ಹೋಗುತ್ತದೆ. ಕಲ್ಲು ಬಿದ್ದರೆ ದೋಣಿಗಳಿಗೆ ದಾರಿ ಇಲ್ಲ, ದಾರಿ ಇಲ್ಲದಿದ್ದರೆ ಊರಿಲ್ಲ. ದಯವಿಟ್ಟು ಬಂದು ನೋಡಿ. ಮೂರನೆಯದರಲ್ಲಿ ‘ದಯವಿಟ್ಟು’ ಇರಲಿಲ್ಲ.

ಪ್ರತಿ ಅರ್ಜಿಯ ಕೆಳಗೂ ‘ಸುಣ್ಣದ ಕೆಲಸದವಳ ಎಡಗೈ ಹೆಬ್ಬೆಟ್ಟು’ ಎಂದು ಬರೆದು ಶಾಯಿಯ ಗುರುತು ಒತ್ತಿಸಿದ್ದರು. ನಡುವೆ ಓರೆ ಗೀರು. ಪ್ರತಿಯೊಂದರ ಮೂಲೆಯಲ್ಲೂ ‘ಕಡತಕ್ಕೆ’ ಎಂಬ ಷರಾ, ಅದರಡಿ ಇನ್ಸ್‌ಪೆಕ್ಟರರ ಚಿಕ್ಕ ಸಹಿ.

ಅವರು ಬಹಳ ಹೊತ್ತು ಆ ಸಹಿಯನ್ನೇ ನೋಡಿದರು. "ದೋಣಿ ತರಿಸಿ," ಎಂದರು.

ದಾರಿಯಲ್ಲಿ ಒಂಟಿಗಲ್ಲಿನ ಪಕ್ಕ ದೋಣಿ ನಿಲ್ಲಿಸಿ ಉಂಗುರದ ಬಳಿಯ ಬಿರುಕಿಗೆ ತೋರುಬೆರಳು ತೂರಿಸಿದರು. ಎರಡನೇ ಗೆಣ್ಣಿನವರೆಗೆ ಹೋಯಿತು.

ಅರ್ಜಿಗಳಿಗೆ ಹೆಬ್ಬೆಟ್ಟು ಒತ್ತಿದ್ದ ಸುಣ್ಣದಕ್ಕ ತನ್ನ ಕೊಟ್ಟಿಗೆಯಲ್ಲಿ ಸುಣ್ಣ ಜರಡಿ ಹಿಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಬಂದ್ರಾ? ಮೂರು ಸಲ ಕರೆದಾಗ ಕಾಲಿಗೆ ಏನಾಗಿತ್ತು?"

"ಹನ್ನೊಂದು ಜನ ಸಾಯ್ತಿದ್ರು, ಗೊತ್ತಾ?"

"ಅಲ್ಲಿ ಸಾಯೋದೆಲ್ಲಿ! ಪಟ್ಟೇನ ಹದಿನಾಲ್ಕು ಅಡಿ ಎಡಕ್ಕೆ ಬಳಿದ್ರೆ ಲಾಂಚಿಗೆ ಸಿಗೋದು ಮರಳ ದಿಬ್ಬ. ಸುಮ್ಮನೆ ಹೋಗಿ ಕೂತ್ಕೊಳ್ಳುತ್ತೆ. ಇನ್ನೆಂದೂ ಈ ಕಡೆ ತಲೆ ಹಾಕದಷ್ಟು ಮಾನ ಹೋಗುತ್ತೆ, ಅಷ್ಟೇ. ಅಪ್ಪ ತೋರಿಸಿಕೊಟ್ಟ ದಿಬ್ಬ ಅದು. ಅದೆಂಗೆ ಕಾಲು ಮುರೀತು ಅಂತ ನಿನ್ನೆಯಿಂದ ಯೋಚಿಸ್ತಿದೀನಿ."

ಬಾಗಿಲಲ್ಲಿ ನಿಂತಿದ್ದ ಗಡ್ಡದಣ್ಣ ಒಂದು ಹೆಜ್ಜೆ ಒಳಗಿಟ್ಟ. "ಆ ದಿಬ್ಬ ಸರಿದುಹೋಗಿ ಏಳು ವರ್ಷ ಆಯ್ತಕ್ಕಾ. ಈಗ ಅಲ್ಲಿ ಬರೀ ಬಂಡೆ."

ಜರಡಿ ನಿಂತಿತು.

"ಒಬ್ಬರೂ ನಂಗೆ ಹೇಳಲಿಲ್ಲ."

"ನೀನು ದೋಣಿ ಹತ್ತಿ ಹತ್ತು ವರ್ಷ ಆಯ್ತಲ್ಲಕ್ಕಾ. ಹೇಳೋ ಪ್ರಮೇಯ ಬರಲಿಲ್ಲ."

ಆಕೆ ಜರಡಿಯನ್ನು ಕೆಳಗಿಟ್ಟು ಸೆರಗಿಗೆ ಕೈ ಒರೆಸಿದಳು.

"ಅರ್ಜಿ ಬರೆದುಕೊಟ್ಟೋನೂ ಆ ಲಾಂಚು ಓಡಿಸೋನೇ. ನನ್ನ ತಂಗಿ ಮಗ. ಬರೆದ ಕೈಯಲ್ಲೇ ಆಮೇಲೆ ಆ ಉಂಗುರಕ್ಕೆ ಹಗ್ಗ ಕಟ್ಟಿದ. ಹೊಟ್ಟೆ ಉರಿದಿತ್ತು, ಸುಳ್ಳು ಹೇಳಲ್ಲ. ಆದ್ರೆ ಅವನ ಕಾಲು ಕೇಳಿರಲಿಲ್ಲ ನಾನು." ಜರಡಿಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು, "ಉಳಿಯುತ್ತಾ?"

"ಡಾಕ್ಟರು ಏನೂ ಹೇಳ್ತಿಲ್ಲ. ನಿನ್ನ ಹೆಸರು ಅವನು ಹೇಳಲಿಲ್ಲ."

"ದಡ್ಡ," ಎಂದಳು.

12.40ಕ್ಕೆ ಬಂಧನದ ಮೆಮೊ ತಯಾರಾಯಿತು. ಉದ್ದನೆಯ ಪೇದೆ ಶಾಯಿಯ ಡಬ್ಬಿ ತೆರೆದ. ಆಕೆ ಎಡಗೈ ಹೆಬ್ಬೆರಳನ್ನು ಒತ್ತಿ, ಗೀರು ಸರಿಯಾಗಿ ಮೂಡಿದೆಯೇ ಎಂದು ಬಗ್ಗಿ ನೋಡಿದಳು.

"ಇದನ್ನಾದ್ರೂ ಓದ್ತಾರಾ?"

ಇನ್ಸ್‌ಪೆಕ್ಟರ್ ಕಾಗದ ಮಡಚಿದರು.

ಕಟ್ಟೆಯ ಮೇಲೆ ಈ ಸಲ ಇಡೀ ಊರೇ ನಿಂತಿತ್ತು. ಒಬ್ಬ ಹುಡುಗಿ ಉಗಿದಳು. ಉಗುಳು ಇನ್ಸ್‌ಪೆಕ್ಟರರ ಬೂಟಿನ ಪಕ್ಕ ಬಿತ್ತು. ಗೂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಲು ಯಾರೂ ಮುಂದೆ ಬರಲಿಲ್ಲ. ಸುಣ್ಣದಕ್ಕನೇ ಬಗ್ಗಿ ಬಿಚ್ಚಿ, ಸುರುಳಿ ಸುತ್ತಿ ಪೇದೆಯ ಕೈಗಿತ್ತು ದೋಣಿ ಹತ್ತಿದಳು. ಹತ್ತು ವರ್ಷದ ಮೇಲೆ ಹತ್ತಿದ ದೋಣಿ. ಮರಳ ದಿಬ್ಬ ಇರಬೇಕಾಗಿದ್ದ ಜಾಗ ದಾಟುವವರೆಗೂ ಆಕೆ ನೀರನ್ನೇ ನೋಡುತ್ತಿದ್ದಳು.

ಆ ಸಂಜೆ ಇನ್ಸ್‌ಪೆಕ್ಟರ್ ಮೂರು ಅರ್ಜಿಗಳನ್ನೂ ಪ್ರಕರಣದ ಕಡತಕ್ಕೆ ಸೇರಿಸಿದರು. ಕೃತ್ಯದ ಕಾರಣ ಎಂಬಲ್ಲಿ ‘ಲಗತ್ತಿಸಿದ ಅರ್ಜಿಗಳನ್ನು ನೋಡುವುದು’ ಎಂದಷ್ಟೇ ಬರೆದರು. ಮೂಲೆಯ ತಮ್ಮ ಸಹಿಯನ್ನು ಹೊಡೆದುಹಾಕಲಿಲ್ಲ.