ಕೇಬಲ್ ಸರಿಯಾಗಿಯೇ ಇತ್ತು

"ಮುಟ್ಟಬೇಡಿ!!"

ಆ ಕೂಗಿಗೆ ಅವಳ ಕೈ ಗಾಳಿಯಲ್ಲೇ ನಿಂತಿತು. ನೆಲಕ್ಕೆ ಹೊಡೆದಿದ್ದ ಕಬ್ಬಿಣದ ಗೂಟಕ್ಕೂ ಅವಳ ಬೆರಳಿಗೂ ನಡುವೆ ಇದ್ದದ್ದು ಒಂದೇ ಗೇಣು.

ಬಯಲಿನ ಆ ತುದಿಯಿಂದ ಓಡಿಬಂದವನು ತಂಡದ ಟೆಕ್ನಿಷಿಯನ್. ಏದುಸಿರು ಬಿಡುತ್ತಲೇ ಗದರಿದ. "ನಾಲ್ಕುನೂರು ವೋಲ್ಟ್ ಹರೀತಿದೆ ಮೇಡಂ! ಓದಿದೋರು ನೀವು, ಇಷ್ಟೂ ಗೊತ್ತಾಗಲ್ವಾ?"

ಎಲ್ಲರ ಮುಂದೆ! ಅವಳ ಮುಖ ಕೆಂಪೇರಿತು. "ಮೆತ್ತಗೆ ಹೇಳಿದ್ರೂ ಕೇಳಿಸುತ್ತೆ."

"ಮೆತ್ತಗೆ ಹೇಳೋಷ್ಟು ಹೊತ್ತು ಇರಲಿಲ್ಲ..."

ಓಡಿಬರುವ ಭರದಲ್ಲಿ ಅವನ ಒಂದು ಚಪ್ಪಲಿ ಬಯಲಲ್ಲೇ ಉಳಿದದ್ದು ಆಗ ಅವಳಿಗೆ ಕಂಡಿತು.

ಅಯ್ಯೋ, ಇವನು ಬೈದದ್ದಲ್ಲ... ಹೆದರಿದ್ದು!

ಅವಳು ವಿಶ್ವವಿದ್ಯಾಲಯದಲ್ಲಿ ಭೂಭೌತಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಸಾಲಾಗಿ ಗೂಟ ಹೊಡೆದು, ಕೇಬಲ್ ಎಳೆದು, ನೆಲಕ್ಕೆ ಕರೆಂಟ್ ಹಾಯಿಸಿ, ಒಳಗೆಲ್ಲಿ ಬಂಡೆ, ಎಲ್ಲಿ ನೀರು ಎಂದು ಹುಡುಕುವುದು ಅವರ ಕೆಲಸ. ಆ ವರ್ಷ ಒಂದು ಹೆರಿಗೆ ಆಸ್ಪತ್ರೆಗೆ ಬೋರ್‌ವೆಲ್ ಜಾಗ ತೋರಿಸಬೇಕಿತ್ತು.

ಆರು ವಾರ ಅವರಿಬ್ಬರೂ ಜೊತೆಯಾಗಿ ಅಳೆದರು. ಅಳತೆ ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಅವನು ಎರಡು ಸಲ ಜಗ್ಗಿದರೆ 'ಸರಿ' ಎಂದರ್ಥ. ಮೂರನೇ ಸಲ ಜಗ್ಗಿದರೆ ಏನರ್ಥ ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕೊನೆಯ ದಿನ ಅವನಿಗೆ ಕೆಂಡದಂಥ ಜ್ವರ. ಆದರೂ ಬಂದು ಕೇಬಲ್ ಜೋಡಿಸಿದ.

ತಿಂಗಳ ನಂತರ, ಅವರು ಗುರುತು ಹಾಕಿದ ಜಾಗದಲ್ಲಿ ಬೋರ್ ಕೊರೆದರು. ಆರುನೂರು ಅಡಿ... ಬಂದದ್ದು ಬರೀ ಬಂಡೆಯ ಧೂಳು!

"ಕೇಬಲ್ ಜೋಡಿಸಿದ್ದು ಯಾರು?" ಪ್ರೊಫೆಸರ್ ದನಿಗೆ ಇಡೀ ಪ್ರಯೋಗಾಲಯ ತಿರುಗಿ ನೋಡಿತು.

"ನಾನೇ ಸರ್. ಅವತ್ತು ಜ್ವರ ಇತ್ತು... ಎಲ್ಲೋ ತಪ್ಪಿ ಜೋಡಿಸಿರಬೇಕು."

ಅವನ ಪರವಾಗಿ ಮಾತಾಡಲೆಂದೇ ಅವಳು ತನ್ನ ನೋಟ್‌ಬುಕ್ ತೆರೆದಳು. ಅವತ್ತಿನ ಪುಟದಲ್ಲಿ ಅವಳ ಬೆರಳು ನಿಂತಿತು.

'ಮೊದಲ ಗೂಟ: ಪಶ್ಚಿಮದ ಗೇಟಿನ ಬಳಿ.' ಅವಳದೇ ಅಕ್ಷರ. ಆದರೆ ಕಂಪ್ಯೂಟರಿಗೆ ಹಾಕುವಾಗ ಅವಳು ಬರೆದದ್ದು ಪೂರ್ವ! ಇಡೀ ಸಾಲೇ ತಿರುಗುಮುರುಗಾಗಿತ್ತು. ನೀರು ಆ ತುದಿಯಲ್ಲಿ, ಬೋರ್ ಈ ತುದಿಯಲ್ಲಿ.

ಹೇಳು... ಈಗಲೇ ಹೇಳು!

ಆದರೆ ಮುಂದಿನ ವಾರವೇ ಅವಳ ಫೆಲೋಶಿಪ್ ಸಂದರ್ಶನ. ಅವಳು ನೋಟ್‌ಬುಕ್ ಮುಚ್ಚಿದಳು.

ಅವತ್ತೇ ಅವನನ್ನು ಕೆಲಸದಿಂದ ತೆಗೆದರು. ಹೊರಡುವ ಮುನ್ನ ಅವನು ಅವಳ ಮೇಜಿನ ಬಳಿ ಬಂದ. "ನಿಮ್ಮ ಇಷ್ಟು ದಿನದ ಕೆಲಸ ಹಾಳು ಮಾಡ್ಬಿಟ್ಟೆ. ಕ್ಷಮಿಸಿ ಮೇಡಂ."

ಅವಳು ತಲೆ ಎತ್ತಲಿಲ್ಲ.

ಫೆಲೋಶಿಪ್ ಸಿಕ್ಕಿತು. ಅಭಿನಂದನೆ ಎಂದವರಿಗೆಲ್ಲ ನಕ್ಕಳು, ಆದರೆ ನೋಟ್‌ಬುಕ್ ಇಟ್ಟ ಡ್ರಾಯರ್ ಮಾತ್ರ ತೆರೆಯಲಿಲ್ಲ. ಎರಡು ತಿಂಗಳು ತಡೆದು, ಒಂದು ಮಧ್ಯಾಹ್ನ ಅವನು ಈಗ ದುಡಿಯುತ್ತಿದ್ದ, ಅವನ ಚಿಕ್ಕಪ್ಪನ ಮೋಟಾರ್ ರಿಪೇರಿ ಅಂಗಡಿ ಹುಡುಕಿಕೊಂಡು ಹೋದಳು. ಒಳಗೆ ಹೋಗದೆ ಬಾಗಿಲ ಪಕ್ಕವೇ ನಿಂತಳು.

ಅವನು ಒಂದು ತಂತಿ ಬಿಗಿದ. ಬಿಚ್ಚಿ ನೋಡಿದ. ಮತ್ತೆ ಬಿಗಿದ. ಮತ್ತೆ ಬಿಚ್ಚಿದ.

"ಲೋ, ವೈರ್ ಜೋಡಿಸ್ತಿದೀಯೋ, ಅದಕ್ಕೆ ಗಂಡು ಹುಡುಕ್ತಿದೀಯೋ?" ಚಿಕ್ಕಪ್ಪ ನಕ್ಕರು.

ಅವನು ನಗಲಿಲ್ಲ. "ಒಂದ್ಸಲ ತಪ್ಪಿದೀನಲ್ಲ ಚಿಕ್ಕಪ್ಪ... ಈ ಕೈ ಮೇಲೆ ನಂಬಿಕೆ ಇಲ್ಲ."

ಅವನಿಗೆ ಕಾಣಿಸದ ಹಾಗೆ ಅವಳು ಹಿಂತಿರುಗಿದಳು. ದಾರಿಯುದ್ದಕ್ಕೂ ಅತ್ತಳು. ಕೆಲಸ ಕಳೆದದ್ದಷ್ಟೇ ಅಲ್ಲ... ನಾನು ಅವನ ಕೈಯನ್ನೇ ಕಸಿದುಕೊಂಡೆ!

ಮರುದಿನ ಬೆಳಿಗ್ಗೆ ನೋಟ್‌ಬುಕ್ ಪ್ರೊಫೆಸರ್ ಮೇಜಿನ ಮೇಲಿತ್ತು.

ಅವರು ಓದಿ ಕನ್ನಡಕ ತೆಗೆದಿಟ್ಟರು. "ಆಸ್ಪತ್ರೆಯೋರು ಇನ್ನೂ ಟ್ಯಾಂಕರ್ ನೀರು ತರಿಸ್ತಿದಾರೆ. ಗೊತ್ತಾ?"

"ಗೊತ್ತು ಸರ್."

"ಗೊತ್ತಿದ್ದೂ..." ಅವರು ನೋಟ್‌ಬುಕ್ ಮುಚ್ಚಿ ಅವಳತ್ತ ತಳ್ಳಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವಳು ಫೆಲೋಶಿಪ್ ಬಿಟ್ಟುಕೊಟ್ಟಳು. ಇಡೀ ತಂಡದ ಮುಂದೆ, ಆಸ್ಪತ್ರೆಯ ವೈದ್ಯರ ಮುಂದೆ ತಪ್ಪು ಒಪ್ಪಿಕೊಂಡಳು. ಆಮೇಲೆ ನೇರ ಅಂಗಡಿಗೆ ಹೋದಳು.

"ಕೇಬಲ್ ಸರಿಯಾಗಿಯೇ ಇತ್ತು," ಎಂದಳು. "ತಪ್ಪು ಬರೆದದ್ದು ನಾನು. ಅವತ್ತೇ ಗೊತ್ತಾಗಿತ್ತು."

ಅವನ ಕೈಯಿಂದ ಸ್ಪ್ಯಾನರ್ ಜಾರಿತು.

"ಅವತ್ತೇನಾ? ನಾನು ನಿಮ್ಮ ಹತ್ರ ಕ್ಷಮೆ ಕೇಳ್ದೆ. ಆಗಲೂ ಸುಮ್ಮನಿದ್ರಲ್ಲ!"

"ಹೌದು."

"ಬೇರೆ ಯಾರಾದ್ರೂ ಆಗಿದ್ರೆ ನಂಗಿಷ್ಟು ನೋವಾಗ್ತಿರಲಿಲ್ಲ..." ಅವನ ಕಣ್ಣು ತುಂಬಿತು. "ಹೋಗಿ ಮೇಡಂ. ದಯವಿಟ್ಟು ಹೋಗಿ."

ಅವಳು ಹೋದಳು. ಬೇಡಲು ಬಾಯಿ ಎಲ್ಲಿತ್ತು?

ಹತ್ತು ದಿನಗಳ ನಂತರ ಆಸ್ಪತ್ರೆಯ ಇನ್ನೊಂದು ತುದಿಯಲ್ಲಿ ಬೋರ್ ಯಂತ್ರ ನಿಂತಿತು. ನೂರೆಂಬತ್ತು ಅಡಿಗೆ ಕೆಸರು ನೀರು ಆಳೆತ್ತರ ಚಿಮ್ಮಿತು! ನರ್ಸುಗಳು ಕೂಗಿದರು. ವಿದ್ಯಾರ್ಥಿಗಳು ತೊಯ್ದು ಕುಣಿದರು. ಅವಳು ಮಾತ್ರ ದೂರದ ಗೋಡೆಗೆ ಒರಗಿ ಅಳುತ್ತಿದ್ದಳು.

"ನೀರು ಬಂದಾಗಲೂ ಅಳ್ತಾರಾ?"

ಅವನು! ಪ್ರೊಫೆಸರ್ ತಾವೇ ಅಂಗಡಿಗೆ ಹೋಗಿ ಕ್ಷಮೆ ಕೇಳಿ ಕರೆತಂದಿದ್ದರು.

"ಕೋಪ ಇನ್ನೂ ಹೋಗಿಲ್ಲ," ಎಂದ.

"ಹೋಗೋದೂ ಬೇಡ. ಅದು ನ್ಯಾಯವಾದ್ದೇ."

"ಆದ್ರೆ ನೀವು ಬಂದುಹೋದ ಮೇಲೆ, ಬಿಗಿದ ತಂತಿ ಮತ್ತೆ ಮತ್ತೆ ಬಿಚ್ಚಿ ನೋಡೋದು ನಿಂತಿದೆ. ಒಂದೇ ಸಲಕ್ಕೆ ಬಿಗೀತೀನಿ." ಅವನು ತನ್ನ ಅಂಗೈ ನೋಡಿಕೊಂಡ. "ನೀವು ಬಂದು ಹೇಳದೇ ಇದ್ದಿದ್ರೆ ಜೀವನಪೂರ್ತಿ ಹಾಗೇ ಇರ್ತಿದ್ದೆ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ಇನ್ನೂ ಒಂದು ಮಾತಿತ್ತು... ಹೇಳೋ ಯೋಗ್ಯತೆ ನಂಗಿಲ್ಲ."

"ಮತ್ತೆ ಸುಮ್ಮನಿರ್ತೀರಾ?"

ಅವಳು ಬೆಚ್ಚಿ ತಲೆ ಎತ್ತಿದಳು. ಅವನು ಕಾಯುತ್ತಿದ್ದ.

"ನಿಮ್ಮನ್ನ ಪ್ರೀತಿಸ್ತೀನಿ," ಎಂದಳು.

ಅವನು ಒದ್ದೆಯಾದ ಅವಳ ಕೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡ.

"ಭಾನುವಾರ ಮನೆಗೆ ಬನ್ನಿ. ಚಿಕ್ಕಪ್ಪನ ಮುಂದೆ ನೀವೇ ಹೇಳ್ಬೇಕು."

"ನನ್ನ ತಪ್ಪನ್ನಾ?"

"ಅದನ್ನೂ," ಎಂದ ಅವನು.